ಇನ್ನೂ ಇಬ್ರನ್ನ ಕಾಣೆ ಮಾಡ್ಲಾ? ಬೇಡ, ಊರಲ್ಲಿ ಉಳಿದೋರನ್ನ ನೋಡಿ

ಪ್ರಶ್ನೆ: ಮೇಡಂ, ಮೊದಲ್ನೇ ಸಲ ಒಂದು ಸಸ್ಪೆನ್ಸ್ ಕಾದಂಬರಿ ಬರೀತಿದೀನಿ. ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಒಂದು ಪುಟ್ಟ ಊರು, 1980ರ ದಶಕ, ಬೆರಳೆಣಿಕೆ ಮನೆಗಳು, ಮಳೆಗಾಲದಲ್ಲಿ ಲಾಂಚ್ ಬಿಟ್ರೆ ಹೊರಗೆ ಹೋಗೋಕೆ ದಾರಿ ಇಲ್ಲ. ಅಲ್ಲಿ ಒಬ್ಬೊಬ್ರಾಗಿ ಐದು ಜನ ಕಾಣೆ ಆಗ್ತಾರೆ. ಅರ್ಧ ಬರೆದು ಫ್ರೆಂಡ್ಸ್‌ಗೆ ಕೊಟ್ಟೆ, ಮೂರನೇ ಮನುಷ್ಯ ಕಾಣೆ ಆದ್ಮೇಲೆ ನಮಗೆ ಏನೂ ಅನ್ಸಲಿಲ್ಲ ಅಂದ್ರು. ಇನ್ನೂ ಇಬ್ರನ್ನ ಕಾಣೆ ಮಾಡ್ಲಾ? ಸ್ವಲ್ಪ ದೆವ್ವ, ಚೌಡಿ ಥರ ಏನಾದ್ರೂ ತರ್ಲಾ? ಕೊನೇಲಿ ಏನಾಯ್ತು ಅಂತ ಹೇಳ್ಲೇಬೇಕಾ?

ಉತ್ತರ: ಇನ್ನೂ ಇಬ್ರನ್ನ ಖಂಡಿತ ಬೇಡ, ಆಗಬಹುದಾದ್ರೆ ಐದರಲ್ಲಿ ಇಬ್ರನ್ನ ವಾಪಸ್ ಊರಿಗೆ ಕರ್ಕೊಂಡು ಬನ್ನಿ. ಈ ಥರದ ಹಸ್ತಪ್ರತಿಗಳನ್ನ ಓದಿ ತಿದ್ದೋದೇ ನನ್ನ ಕೆಲಸ, ಹತ್ತಕ್ಕೆ ಎಂಟು ಹಸ್ತಪ್ರತಿ ಮುಗ್ಗರಿಸೋದು ಇದೇ ಜಾಗದಲ್ಲಿ, ಕಾಣೆ ಆದೋರ ಲೆಕ್ಕ ಏರ್ತಾ ಹೋಗುತ್ತೆ, ಉಳಿದೋರು ಏನ್ ಮಾಡ್ತಿದಾರೆ ಅಂತ ಬರೆಯೋರೇ ಮರ್ತುಬಿಡ್ತಾರೆ. ಕಾಣೆ ಆದವನು ಪುಟದಿಂದಾನೂ ಹೋದ ಅಲ್ವಾ, ಇನ್ನು ಅವನಿಗೆ ಏನೂ ಆಗೋಕೆ ಸಾಧ್ಯ ಇಲ್ಲ. ಭಯ, ಸುಳ್ಳು, ದುರಾಸೆ, ನಿದ್ದೆ ಇಲ್ಲದ ರಾತ್ರಿ ಇವೆಲ್ಲ ಇರೋದು ಪಕ್ಕದ ಮನೇಲಿ ಇನ್ನೂ ಒಲೆ ಹಚ್ಚಬೇಕಾದೋರ ಹತ್ರ.

ಬರೀ ಉಪದೇಶ ಮಾಡಿದ್ರೆ ತಲೆಗೆ ಹೋಗಲ್ಲ, ಅದಕ್ಕೆ ನಿಜವಾಗ್ಲೂ ನಡೆದ ಒಂದು ಕೇಸು ಹೇಳ್ತೀನಿ, ನಿಮ್ಮ ಕಾದಂಬರಿಗೆ ಇದಕ್ಕಿಂತ ಒಳ್ಳೆ ಪಾಠ ನಂಗೆ ಗೊತ್ತಿಲ್ಲ. ಗಲಾಪಗೋಸ್ ದ್ವೀಪಗಳ ಹೆಸರು ಡಾರ್ವಿನ್ ಪಾಠದಲ್ಲಿ ಕೇಳಿರ್ತೀರಿ, ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ದೂರ ಪೆಸಿಫಿಕ್ ಸಮುದ್ರದಲ್ಲಿ ಇವೆ. ಅದ್ರಲ್ಲಿ ದಕ್ಷಿಣದ ಕಡೆ ಇರೋ ಒಂದು ದ್ವೀಪ ಫ್ಲೋರಿಯಾನಾ. 1929ರಲ್ಲಿ ಬರ್ಲಿನ್ನಿಂದ ಫ್ರೀಡ್ರಿಕ್ ರಿಟ್ಟರ್ ಅಂತ ಒಬ್ಬ ಡಾಕ್ಟ್ರು, ಅವರ ಪೇಶಂಟ್ ಆಗಿದ್ದ ಡೋರೆ ಸ್ಟ್ರೌಖ್ ಅನ್ನೋ ಹೆಂಗಸು, ಇಬ್ರೂ ತಂತಮ್ಮ ಸಂಸಾರ ಬಿಟ್ಟು ಅಲ್ಲಿಗೆ ಹೋಗಿ ಬಿಡಾರ ಹಾಕಿದ್ರು. ನಾಗರಿಕತೆನೇ ಬೇಡ, ತತ್ವಶಾಸ್ತ್ರ ಬರೀತೀನಿ, ತರಕಾರಿ ಬೆಳೀತೀನಿ ಅನ್ನೋ ಮನುಷ್ಯ. ಹಲ್ಲಿನ ತೊಂದ್ರೆ ಬಂದ್ರೆ ಅಲ್ಲಿ ಯಾರು ನೋಡ್ತಾರೆ ಅಂತ ಹೊರಡೋಕೆ ಮುಂಚೆನೇ ಹಲ್ಲೆಲ್ಲ ಕೀಳಿಸ್ಕೊಂಡಿದ್ರಂತೆ. ಡೋರೆಗೆ ನರಗಳ ಕಾಯಿಲೆ, ಮಲ್ಟಿಪಲ್ ಸ್ಕ್ಲಿರೋಸಿಸ್, ಕಾಲು ಎಳೆದುಕೊಂಡೇ ನಡೆಯೋರು.

ಇವರ ಸುದ್ದಿ ಪೇಪರ್‌ನಲ್ಲಿ ಬಂತು, ಯುರೋಪಲ್ಲಿ ಆದಾಮ ಈವ್ ಅಂತ ಹೆಸರಾಯ್ತು. ನೋಡಿ, ಒಂಟಿಯಾಗಿರ್ತೀನಿ ಅಂತ ಹೋದೋರು ಊರಿಗೆಲ್ಲ ಫೇಮಸ್. ಅದನ್ನ ಓದಿ 1932ರಲ್ಲಿ ಕಲೋನ್ ಊರಿಂದ ಹೈನ್ಜ್ ವಿಟ್ಮರ್, ಮಾರ್ಗ್ರೆಟ್, ಹೈನ್ಜ್‌ನ ಮೊದಲ ಮದುವೆಯ ಮಗ ಹ್ಯಾರಿ ಬಂದ್ರು, ಮಾರ್ಗ್ರೆಟ್ ಆಗ ಬಸುರಿ. ಹಿಂದಿನ ಕಾಲದಲ್ಲಿ ಕಡಲುಗಳ್ಳರು ಇರ್ತಿದ್ರು ಅನ್ನೋ ಗುಹೇಲಿ ಸಂಸಾರ ಶುರು ಮಾಡಿದ್ರು, 1933ರ ಜನವರಿಯಲ್ಲಿ ರೋಲ್ಫ್ ಹುಟ್ಟಿದ್ದೂ ಆ ದ್ವೀಪದಲ್ಲೇ, ಹೆರಿಗೆ ಆದ್ಮೇಲೆ ತೊಂದ್ರೆ ಆದಾಗ ಬಂದು ನೋಡಿದ್ದು ರಿಟ್ಟರ್, ಅಂದ್ರೆ ಆಗದೇ ಇದ್ರೂ ಬೇಕೇಬೇಕು ಅನ್ನೋ ನೆರೆಹೊರೆ. ಅದಕ್ಕೂ ಸ್ವಲ್ಪ ಮುಂಚೆ, 1932ರ ಕೊನೇಲಿ, ಬ್ಯಾರನೆಸ್ ಅಂತ ಹೇಳ್ಕೊಂಡು ಎಲೊಯಿಸ್ ವ್ಯಾಗ್ನರ್ ಅನ್ನೋ ಆಸ್ಟ್ರಿಯನ್ ಹೆಂಗಸು ಪ್ಯಾರಿಸ್ಸಿಂದ ಬಂದಿಳಿದ್ಲು, ಜೊತೆಗೆ ಇಬ್ರು ಪ್ರಿಯಕರರು, ರಾಬರ್ಟ್ ಫಿಲಿಪ್ಸನ್ ಮತ್ತೆ ರುಡಾಲ್ಫ್ ಲೊರೆಂಜ್. ಶ್ರೀಮಂತ ಅಮೆರಿಕನ್ನರಿಗೆ ಇಲ್ಲಿ ಹೋಟೆಲ್ ಕಟ್ತೀನಿ ಅಂತ ಪ್ಲಾನು. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಚಾವಟಿ, ಬೇರೆಯವರ ಕಾಗದ ಒಡೆದು ಓದೋದು, ಬೇರೆಯವರಿಗೆ ಬಂದ ಸಾಮಾನು ತಾನೇ ಇಟ್ಕೊಳೋದು ಅಂತೆಲ್ಲ ಇನ್ನೆರಡು ಮನೆಯೋರ ದೂರು.

1934 ಶುರುವಾದಾಗ ಅಲ್ಲಿ ಬೀಡುಬಿಟ್ಟಿದ್ದು ಮೂರು ಬಿಡಾರ, ಒಟ್ಟು ಒಂಬತ್ತು ಜನ, ಅದ್ರಲ್ಲಿ ಒಂದು ಹುಡುಗ, ಒಂದು ಕೂಸು. ಮಳೆ ಕೈಕೊಟ್ಟು ಬರ ಬಂದಿತ್ತು, ಸಿಹಿನೀರಿನ ಒರತೆ ಒಂದೆರಡೇ. ಮಾರ್ಚ್ 27ರಂದು ಬ್ಯಾರನೆಸ್ ಮತ್ತೆ ಫಿಲಿಪ್ಸನ್ ಕಾಣೆ ಆದ್ರು.

ಮಾರ್ಗ್ರೆಟ್ ಹೇಳಿದ್ದು ಇಷ್ಟು: ಅವತ್ತು ಬ್ಯಾರನೆಸ್ ನಮ್ಮನೆ ಹತ್ರ ಬಂದಳು, ಸ್ನೇಹಿತರ ಹಡಗು ಬಂದಿದೆ ತಹೀಟಿಗೆ ಹೊರಟಿದೀವಿ ಅಂದಳು, ಹೋದಳು. ಆ ಹಡಗನ್ನ ಬೇರೆ ಯಾರೂ ನೋಡಿಲ್ಲ. ತಹೀಟಿಗೆ ಅವರು ತಲುಪಿದ್ದಕ್ಕೆ ಗುರುತಿಲ್ಲ. ಪ್ರಯಾಣ ಹೊರಟೋರು ಬಿಟ್ಟು ಹೋಗದಂಥ ಸ್ವಂತ ಸಾಮಾನೆಲ್ಲ ಹಿಂದೆ ಉಳಿದಿತ್ತು. ಆ ಜೋಡಿಯ ಹೆಣ ಇವತ್ತಿನವರೆಗೂ ಸಿಕ್ಕಿಲ್ಲ.

ಇಲ್ಲಿಗೆ ನಿಲ್ಲಿಸಿ ಯೋಚ್ನೆ ಮಾಡಿ. ನೀವಾಗಿದ್ರೆ ಮುಂದಿನ ಅಧ್ಯಾಯದಲ್ಲಿ ಇನ್ನೊಬ್ಬನನ್ನ ಮಾಯ ಮಾಡಿರೋರು. ನಿಜವಾಗಿ ಮುಂದೆ ಆಗಿದ್ದು ಒಂದು ಮಾರಾಟ. ಫಿಲಿಪ್ಸನ್ ಕೈಲಿ ಏಟು ತಿಂದು, ಮೂಲೆಗೆ ಬಿದ್ದು, ಆಗಾಗ ವಿಟ್ಮರ್ ಮನೆಗೆ ಓಡಿ ಬರ್ತಿದ್ದ ಲೊರೆಂಜ್ ಇದ್ನಲ್ಲ, ಅವನು ಬ್ಯಾರನೆಸ್ ಬಿಟ್ಟುಹೋದ ಸಾಮಾನನ್ನ ಮಾರಿದ. ಕೊಂಡವರು ಯಾರು? ಇನ್ಯಾರಿದಾರೆ, ರಿಟ್ಟರ್ ಮನೆಯೋರು, ವಿಟ್ಮರ್ ಮನೆಯೋರು. ಅಂದ್ರೆ ಕೆಲವೇ ದಿನದಲ್ಲಿ ಕಾಣೆಯಾದವಳ ಸಾಮಾನು ಎರಡೂ ಮನೆಗೆ ಸೇರಿತು, ಅವಳೇನಾದ್ರೂ ತಹೀಟಿಯಿಂದ ವಾಪಸ್ ಬಂದ್ರೆ ಏನು ಹೇಳ್ತಿದ್ರು? ಅವಳು ವಾಪಸ್ ಬರಲ್ಲ ಅಂತ ಅವರಿಗೆ ಹೇಗೆ ಗೊತ್ತಿತ್ತು? ನನ್ನ ಪ್ರಕಾರ ಇಡೀ ಕೇಸಲ್ಲಿ ಹೆಣಕ್ಕಿಂತ ಭಯ ಹುಟ್ಟಿಸೋ ವಿಷಯ ಇದು, ಇದರಲ್ಲಿ ರಕ್ತ ಇಲ್ಲ, ಕತ್ತಲೆ ಇಲ್ಲ, ಬರೀ ವ್ಯಾಪಾರ.

ಲೊರೆಂಜ್‌ಗೆ ಒಮ್ಮೆ ಅಲ್ಲಿಂದ ಪಾರಾದ್ರೆ ಸಾಕಾಗಿತ್ತು. ಜುಲೈನಲ್ಲಿ ನುಗ್ಗೆರುಡ್ ಅಂತ ಒಬ್ಬ ನಾರ್ವೆಯ ಮೀನುಗಾರನ ದೋಣಿ ಹತ್ತಿ ಹೊರಟ. ಸ್ಯಾನ್ ಕ್ರಿಸ್ಟೋಬಲ್‌ಗೆ ಸೇರಬೇಕಾದ ದೋಣಿ ಸೇರಲೇ ಇಲ್ಲ. ನವೆಂಬರ್‌ನಲ್ಲಿ ಇಬ್ರ ಹೆಣ ಮಾರ್ಚೆನಾ ಅನ್ನೋ ದ್ವೀಪದಲ್ಲಿ ಸಿಕ್ತು, ಅದು ಉತ್ತರದ ಕಡೆ, ಫ್ಲೋರಿಯಾನಾದಿಂದ ನೂರೈವತ್ತು ಕಿಲೋಮೀಟರ್‌ಗಿಂತ ದೂರ, ಕುಡಿಯೋಕೆ ಹನಿ ಸಿಹಿನೀರಿಲ್ಲದ ಜಾಗ, ದೇಹಗಳು ಬಿಸಿಲಿಗೆ ಒಣಗಿ ಹೋಗಿದ್ವು. ದೋಣಿ ಸಿಗಲಿಲ್ಲ. ಅದೇ ನವೆಂಬರ್ 21ಕ್ಕೆ ರಿಟ್ಟರ್ ಸತ್ರು, ಕೆಟ್ಟುಹೋದ ಕೋಳಿ ಮಾಂಸ ತಿಂದು. ಮಾಂಸ ಬೇಡ ಅಂತ ಬೋಧನೆ ಮಾಡ್ತಿದ್ದ ಡಾಕ್ಟ್ರು! ಅದನ್ನೇ ತಿಂದೆ ಅಂದ ಡೋರೆಗೆ ಹೆಚ್ಚೇನೂ ಆಗಲಿಲ್ಲ.

ಎಂಟು ತಿಂಗಳಲ್ಲಿ ಒಂಬತ್ತರಲ್ಲಿ ನಾಲ್ಕು ಜನ ಇಲ್ಲ. ಡೋರೆ ಡಿಸೆಂಬರ್‌ನಲ್ಲಿ ಜರ್ಮನಿಗೆ ಹೋದ್ರು, ವಿಟ್ಮರ್ ಸಂಸಾರ ಅಲ್ಲೇ ಉಳೀತು, ಮಾರ್ಗ್ರೆಟ್ 2000ನೇ ಇಸವಿವರೆಗೂ ಅದೇ ದ್ವೀಪದಲ್ಲಿ ಬದುಕಿದ್ರು, ಅವರ ಮನೆಯೋರ ಹೋಟೆಲ್ ಈಗ್ಲೂ ನಡೀತಿದೆ. ಹೋಟೆಲ್ ಕಟ್ತೀನಿ ಅಂತ ಬಂದವಳು ಮಾಯ, ಹೋಟೆಲ್ ಕಟ್ಟಿದ್ದು ನೆರೆಮನೆಯವರು. ಕಾದಂಬರೀಲಿ ಹೀಗೆ ಬರೆದ್ರೆ ನಾನೇ ಇದು ಸ್ವಲ್ಪ ಜಾಸ್ತಿ ಆಯ್ತು ತೆಗೀರಿ ಅಂತಿದ್ದೆ.

ಈಗ ಮುಖ್ಯವಾದ್ದು. ಡೋರೆ 1935ರಲ್ಲಿ ತಮ್ಮ ಪುಸ್ತಕ ತಂದ್ರು. ಮಾರ್ಗ್ರೆಟ್ ಅವರದ್ದು ಸುಮಾರು ಕಾಲು ಶತಮಾನ ಕಳೆದ್ಮೇಲೆ ಬಂತು. ಒಂದೇ ದ್ವೀಪ, ಅದೇ ಜನ, ಆದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ರೆ ತಲೆ ಕೆಡುತ್ತೆ. ಡೋರೆ ಬರೆದಿದ್ರಲ್ಲಿ ಒಂದು ಉದ್ದನೆ ಕಿರುಚಾಟ ಕೇಳಿಸುತ್ತೆ, ತಹೀಟಿ ಹಡಗಿನ ಮಾತನ್ನ ಅವರು ನಂಬೋದೇ ಇಲ್ಲ, ಲೊರೆಂಜ್ ಮೇಲೆ ಬೆರಳು, ವಿಟ್ಮರ್ ಮೇಲೂ ಅನುಮಾನ. ಮಾರ್ಗ್ರೆಟ್ ಪುಸ್ತಕದಲ್ಲಿ ಆ ಕಡೆಯೋರ ಮೇಲೆ ನೆರಳು ಬೀಳುತ್ತೆ. ರಿಟ್ಟರ್ ಸಾಯೋ ಹೊತ್ತಲ್ಲಿ ಮಾರ್ಗ್ರೆಟ್ ಕೂಡ ಅಲ್ಲೇ ಇದ್ರು. ಅವರ ಪ್ರಕಾರ ಸಾಯ್ತಿರೋ ರಿಟ್ಟರ್ ಡೋರೆಗೆ ಶಾಪ ಹಾಕಿದ್ರು, ಡೋರೆ ಪ್ರಕಾರ ಪ್ರೀತಿಯಿಂದ ಕೈ ಚಾಚಿದ್ರು. ಒಂದೇ ಕೋಣೆ, ಒಂದೇ ಹಾಸಿಗೆ, ಇಬ್ರು ಸಾಕ್ಷಿ. ಇಬ್ರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕು, ಇಲ್ಲಾ ಇಬ್ರೂ ತಮಗೆ ಬೇಕಾದ್ದನ್ನ ಮಾತ್ರ ನೋಡಿದಾರೆ.

ನಿಮ್ಮ ಕಾದಂಬರೀಲಿ ಇಲ್ಲದೇ ಇರೋದು ಇದು. ನೀವು ಕಳಿಸಿರೋ ಸಾರಾಂಶ ನೋಡಿದೆ, ಪ್ರತಿ ಸಲ ಒಬ್ಬರು ಕಾಣೆ ಆದಾಗ ಊರವರೆಲ್ಲ ಲಾಟೀನು ಹಿಡ್ಕೊಂಡು ಒಟ್ಟಿಗೆ ಹುಡುಕ್ತಾರೆ, ಒಟ್ಟಿಗೆ ಹೆದರ್ತಾರೆ, ಒಟ್ಟಿಗೆ ವಾಪಸ್ ಬರ್ತಾರೆ. ಇಡೀ ಊರಿಗೆ ಒಂದೇ ಮನಸ್ಸು. ಅಷ್ಟು ಒಗ್ಗಟ್ಟಿರೋ ಊರು ನಾನಂತೂ ನೋಡಿಲ್ಲ! ಮೊದಲ್ನೇ ಕಾಣೆ ಆದ ದಿನವನ್ನೇ ತಗೊಳ್ಳಿ, ಅವತ್ತು ಸಂಜೆ ಅವನನ್ನ ಕೊನೇ ಸಲ ನೋಡಿದ್ದು ಯಾರು ಅಂತ ನಾಲ್ಕು ಜನರ ಬಾಯಲ್ಲಿ ಹೇಳಿಸಿ, ನಾಲ್ಕೂ ಸ್ವಲ್ಪ ಸ್ವಲ್ಪ ಬೇರೆ ಇರ್ಲಿ. ಒಬ್ಬರು ಕೊನೇ ಲಾಂಚ್ ಹತ್ತಿದ ಅಂತಾರೆ, ಲಾಂಚ್‌ನವನು ಇಲ್ಲ ಅಂತಾನೆ, ಒಬ್ಬ ಹೆಂಗಸು ನಂಗೇನೂ ಗೊತ್ತಿಲ್ಲಪ್ಪ ಅಂತಾಳೆ ಆದ್ರೆ ಯಾರೂ ಕೇಳದೇ ಇದ್ರೂ ಅವನ ಅಂಗಿ ಬಣ್ಣ ಹೇಳ್ತಾಳೆ. ಎಲ್ಲರೂ ಕೊಲೆಗಾರರನ್ನ ಬಚ್ಚಿಡೋಕೆ ಸುಳ್ಳು ಹೇಳ್ಬೇಕು ಅಂತೇನಿಲ್ಲ, ಅಡಿಕೆ ಕದ್ದಿದ್ದು ಗೊತ್ತಾಗುತ್ತೆ ಅಂತ ಒಬ್ಬ, ಬೇರೆಯವರ ಮನೇಲಿ ಇದ್ದೆ ಅಂತ ಗೊತ್ತಾಗುತ್ತೆ ಅಂತ ಇನ್ನೊಬ್ಬಳು. ಸಣ್ಣ ಸಣ್ಣ ಸುಳ್ಳು ಸೇರಿ ದೊಡ್ಡದೊಂದು ಸತ್ಯ ಮುಚ್ಚಿ ಹೋಗ್ಬೇಕು, ಆಗ ಎರಡನೆಯವನು ಕಾಣೆ ಆಗೋ ಹೊತ್ತಿಗೆ ಓದುಗ ಊರಿನ ಪ್ರತಿಯೊಬ್ಬರ ಮುಖ ನೋಡೋಕೆ ಶುರು ಮಾಡಿರ್ತಾನೆ.

ಇನ್ನೊಂದು, ಕಾಣೆ ಆದವನಿಂದ ಯಾರಿಗೆ ಏನು ಸಿಕ್ತು ಅಂತ ಬರೀರಿ. ಫ್ಲೋರಿಯಾನಾದಲ್ಲಿ ಸಾಮಾನು, ನೀರು, ನೆಮ್ಮದಿ. ನಿಮ್ಮ ಊರಲ್ಲಿ ಇದಕ್ಕೆ ಇನ್ನೂ ಗಟ್ಟಿ ವಸ್ತು ಇದೆ, ನೀವೇ ಕೈಬಿಟ್ಟಿದೀರಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದ್ಮೇಲೆ ತಾನೆ ಆ ನೀರು ಅಲ್ಲಿಗೆ ಬಂದಿದ್ದು, ಅಂದ್ರೆ ನಿಮ್ಮ ಊರಿನ ಹಿರಿಯರೆಲ್ಲ ಮುಳುಗಡೆ ಕಂಡೋರು, ಜಮೀನು, ಪರಿಹಾರ, ದಾಖಲೆ ಇದರ ಜಗಳ ಇಲ್ದೆ ಅಲ್ಲಿ ಒಂದು ಮನೆನೂ ಇರಲ್ಲ. ಈಗ ಕಾನೂನು ನೋಡಿ. ಒಬ್ಬ ಮನುಷ್ಯ ಸತ್ತ ಅಂತ ದಾಖಲೆ ಇಲ್ದೆ ಪೌತಿ ಖಾತೆ ಆಗಲ್ಲ, ಅಂದ್ರೆ ಅವನ ಜಮೀನು ವಾರಸುದಾರರ ಹೆಸರಿಗೆ ಬರಲ್ಲ. ಕಾಣೆ ಆದವನ ಸುದ್ದಿ, ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಬರದೇ ಇದ್ರೆ, ಅವನು ಬದುಕಿದಾನೆ ಅನ್ನೋರೇ ಅದನ್ನ ಸಾಬೀತು ಮಾಡ್ಬೇಕು, ನಿಮ್ಮ ಕಥೆಯ ಕಾಲಕ್ಕೆ ಅದು 1872ರ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ (2024ರ ಜುಲೈಯಿಂದ ಹೊಸ ಕಾನೂನು, ಅಲ್ಲಿ 111). ಹಾಗಾಗಿ ಹೆಣ ಸಿಗಬೇಕು ಅಂತ ಬಯಸೋ ತಮ್ಮ ಒಬ್ಬ, ಏಳು ವರ್ಷ ಹೀಗೇ ಇರ್ಲಿ ಅಂತ ಬಯಸೋ ದಾಯಾದಿ ಒಬ್ಬ. ಇಬ್ರೂ ಲಾಟೀನು ಹಿಡ್ಕೊಂಡು ಹುಡುಕೋಕೆ ಹೊರಟಿದಾರೆ, ಒಬ್ಬ ಮಾತ್ರ ಒಂದು ಜಾಗದ ಕಡೆ ಯಾರನ್ನೂ ಬಿಡ್ತಿಲ್ಲ. ಇದಕ್ಕೆ ಚೌಡಿ ಯಾಕೆ ಬೇಕು ಹೇಳಿ.

ಚೌಡಿ ವಿಷಯ ಕೇಳಿದ್ರಿ ಅಂತ ಹೇಳ್ತೀನಿ. ಊರಿನ ಜನ ಚೌಡಿ ಅಂತ ನಂಬೋದು, ಹರಕೆ ಹೊರೋದು, ಆ ಬನದ ಕಡೆ ಹೋಗದೇ ಇರೋದು, ಇದೆಲ್ಲ ಇರ್ಲಿ, ಇಲ್ದಿದ್ರೇ ಸುಳ್ಳು. ಆದ್ರೆ ಲೇಖಕರಾಗಿ ನೀವು ಚೌಡಿ ಮೇಲೆ ಭಾರ ಹಾಕ್ಬೇಡಿ, ಚೌಡಿ ಹೆಸರು ಹೇಳಿದ್ರೆ ಯಾರಿಗೆ ಅನುಕೂಲ ಅನ್ನೋದನ್ನ ಮಾತ್ರ ನೋಡಿ. ಅಲಂಕಾರ ಸೇರಿಸಿದ್ರೆ ನಿಜವಾದ ಸುಳಿವು ಹೇಗೆ ಮುಚ್ಚಿಹೋಗುತ್ತೆ ಅನ್ನೋದಕ್ಕೆ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದ ಲೈಟ್‌ಹೌಸ್ ನೋಡಿ. 1900ರ ಡಿಸೆಂಬರ್‌ನಲ್ಲಿ ಅಲ್ಲಿದ್ದ ಮೂವರು ಕಾವಲುಗಾರರೂ ಕಾಣೆ, 26ಕ್ಕೆ ಬದಲಿ ಸಿಬ್ಬಂದಿಯ ಹಡಗು ಹೋದಾಗ ಒಬ್ಬರೂ ಇಲ್ಲ. ಮುಟ್ಟದೇ ಬಿಟ್ಟ ಊಟ, ಬಿದ್ದ ಕುರ್ಚಿ ಅಂತ ಇವತ್ತಿಗೂ ವಿಡಿಯೋಗಳಲ್ಲಿ ಹೇಳ್ತಾರೆ, ಅದು 1912ರಲ್ಲಿ ಒಬ್ಬ ಇಂಗ್ಲಿಷ್ ಕವಿ ಬರೆದ ಪದ್ಯದಿಂದ ಬಂದಿದ್ದು. ತನಿಖೆಗೆ ಹೋದ ಅಧಿಕಾರಿ ಬರೆದಿದ್ದು ಅಡುಗೆ ಪಾತ್ರೆ ಎಲ್ಲ ತೊಳೆದು ಚೊಕ್ಕವಾಗಿತ್ತು ಅಂತ. ಮೂವರಲ್ಲಿ ಒಬ್ಬನ ಮಳೆಕೋಟು ಮಾತ್ರ ಒಳಗೇ ಉಳಿದಿತ್ತು. ಪಶ್ಚಿಮದ ಇಳಿಯೋ ಜಾಗದಲ್ಲಿ ಸಮುದ್ರದಿಂದ ನೂರು ಅಡಿಗಿಂತ ಎತ್ತರದಲ್ಲಿ ಇಟ್ಟಿದ್ದ ಹಗ್ಗದ ಪೆಟ್ಟಿಗೆ ಒಡೆದು ಹೋಗಿತ್ತು, ಅಲೆ ಎಳ್ಕೊಂಡು ಹೋಯ್ತು ಅನ್ನೋದು ಆ ಅಧಿಕಾರಿಯ ತೀರ್ಮಾನ. ಈಗ ನೀವೇ ಹೇಳಿ, ಬಿದ್ದ ಕುರ್ಚಿ ಜಾಸ್ತಿ ಕಾಡುತ್ತಾ, ಇಲ್ಲಾ ಡಿಸೆಂಬರ್ ಚಳಿಗಾಳಿಗೆ ಕೋಟು ಹಾಕದೇ ಓಡಿದ ಆ ಮೂರನೆಯವನಾ? ತೊಳೆದಿಟ್ಟ ಪಾತ್ರೆ ಇದ್ಯಲ್ಲ, ಊಟ ಮುಗಿದಿತ್ತು, ಎಲ್ಲಾ ಮಾಮೂಲಾಗಿತ್ತು ಅಂತ ಅದು ಹೇಳುತ್ತೆ. ನಿಮ್ಮ ಎರಡನೇ ಅಧ್ಯಾಯದಲ್ಲಿ ರಕ್ತದ ಕಲೆ, ಒಡೆದ ಬಳೆ, ಆರಿದ ದೀಪ, ಗೂಬೆ ನಾಲ್ಕೂ ಇದೆ, ನಾಲ್ಕನ್ನೂ ತೆಗೆದು ಒಂದು ಸಣ್ಣ ತಪ್ಪು ಇಡಿ, ಆ ಮನೆಗೆ ಮಾತ್ರ ಸೇರೋ ಅಂಥದ್ದು.

ದ್ವೀಪದಂಥ ಊರು ಅಂದ್ರೆ ಸಂಪರ್ಕವೇ ಇಲ್ಲ ಅಂತ ನೀವು ತಿಳ್ಕೊಂಡಿದೀರಿ, ಅದು ಕಥೆಗೆ ಕೆಲಸಕ್ಕೆ ಬರಲ್ಲ. ಫ್ಲೋರಿಯಾನಾಗೆ ಹಡಗುಗಳು ಬರ್ತಾನೇ ಇದ್ವು, ಅಮೆರಿಕದ ಶ್ರೀಮಂತರು ತಮ್ಮ ಯಾಚ್‌ಗಳಲ್ಲಿ ಬಂದು ಇವರ ಜೊತೆ ಫೋಟೋ ತೆಗೆಸ್ಕೊಂಡು ಹೋಗ್ತಿದ್ರು, ತಿಮಿಂಗಿಲ ಬೇಟೆಗಾರರ ಕಾಲದಿಂದ ಕಡಲದಡದಲ್ಲಿ ಒಂದು ಪೀಪಾಯಿ ಇತ್ತು, ಅದರೊಳಗೆ ಕಾಗದ ಹಾಕಿದ್ರೆ ಆ ಕಡೆ ಹೋಗೋ ಹಡಗಿನೋರು ಎತ್ಕೊಂಡು ತಲುಪಿಸೋರು. ಸುದ್ದಿ ಹೋಗ್ತಿತ್ತು, ಯಾವಾಗ ಹೋಗುತ್ತೆ, ದಾರೀಲಿ ಯಾರು ಒಡೆದು ಓದ್ತಾರೆ, ಉತ್ತರ ಬರೋ ಹೊತ್ತಿಗೆ ಇಲ್ಲಿ ಯಾರು ಉಳಿದಿರ್ತಾರೆ ಅನ್ನೋದು ಮಾತ್ರ ಯಾರಿಗೂ ಗೊತ್ತಿರ್ತಿರಲಿಲ್ಲ. ಸಸ್ಪೆನ್ಸ್ ಹುಟ್ಟೋದು ಈ ತಡದಲ್ಲಿ. ನಿಮಗೆ ಲಾಂಚ್ ಇದೆ, ಬಂಗಾರದಂಥ ವಸ್ತು, ಅದನ್ನ ಬರೀ ಹಿನ್ನೆಲೆಗೆ ಬಿಟ್ಟಿದೀರಿ. ದಿನಕ್ಕೆ ಎಷ್ಟು ಟ್ರಿಪ್, ಕೊನೇದು ಎಷ್ಟೊತ್ತಿಗೆ, ಗಾಳಿ ಜೋರಾದ್ರೆ ನಿಲ್ಲಿಸ್ತಾರಾ, ಡೀಸೆಲ್ ಖಾಲಿಯಾದ್ರೆ ಏನು, ಆಚೆ ದಡದಿಂದ ಪೊಲೀಸ್ ಸ್ಟೇಷನ್ನಿಗೆ ಬಸ್ ಯಾವಾಗ, ಇದನ್ನೆಲ್ಲ ಒಂದು ಹಾಳೇಲಿ ಬರ್ದಿಟ್ಕೊಳಿ. ಮಿಸ್ಸಿಂಗ್ ಕಂಪ್ಲೇಂಟ್ ಕೊಡೋಕೆ ಹೊರಟ ಹೆಂಡತಿ ಯಾರ ಜೊತೆ ಕೂತು ಆ ನೀರು ದಾಟ್ತಾಳೆ? ಅದೇ ಲಾಂಚಲ್ಲಿ ಅವಳು ಅನುಮಾನ ಪಡೋ ಮನುಷ್ಯನೂ ಇದ್ದು, ಅವನೇ ಟಿಕೆಟ್ ದುಡ್ಡು ಕೊಟ್ರೆ? (ಈಗಿನ ಕಾಲಕ್ಕೆ ಬರೆಯೋರಿಗೆ ಈ ಭಾಗ್ಯ ಇಲ್ಲ, ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆ ಆಯ್ತು, ಜನಕ್ಕೆ ಒಳ್ಳೇದು, ನಮ್ಮಂಥೋರಿಗೆ ನಷ್ಟ.)

ಇನ್ನು ಕೊನೇಲಿ ಹೇಳ್ಬೇಕಾ ಅನ್ನೋ ಪ್ರಶ್ನೆ. ಫ್ಲೋರಿಯಾನಾ ಬಗೆಹರಿದಿಲ್ಲ, ಆದ್ರೂ ತೊಂಬತ್ತು ವರ್ಷದಿಂದ ಜನ ಅದರ ಬಗ್ಗೆ ಬರೀತಾನೇ ಇದಾರೆ, ಸಿನಿಮಾನೂ ಬಂದಿದೆ, ಹಾಗಂತ ನೀವೂ ಬಗೆಹರಿಸದೇ ಬಿಡಬಹುದು ಅಂದ್ಕೋಬೇಡಿ. ನಿಜವಾಗಿ ನಡೆದಿದ್ದಕ್ಕೆ ಉತ್ತರ ಇಲ್ಲ ಅಂದ್ರೆ ಓದುಗ ಒಪ್ತಾನೆ, ನೀವೇ ಹುಟ್ಟಿಸಿದ ಊರಲ್ಲಿ ನಿಮಗೇ ಗೊತ್ತಿಲ್ಲ ಅಂದ್ರೆ ಪುಸ್ತಕ ಎಸೀತಾನೆ. ಯಾರು, ಯಾಕೆ, ಹೆಣ ಎಲ್ಲಿ ಅಂತ ನಿಮಗೆ ಪೂರ್ತಿ ಗೊತ್ತಿರ್ಬೇಕು. ಓದುಗನಿಗೆ ಅದ್ರಲ್ಲಿ ಎಷ್ಟು ಹೇಳ್ತೀರಿ ಅನ್ನೋದು ಬೇರೆ ವಿಷಯ. ನನ್ನ ಒಲವು ಕೇಳಿದ್ರೆ, ಯಾರು ಮಾಡಿದ್ದು ಅಂತ ಹೇಳಿಬಿಡಿ, ಕಾಲು ಭಾಗ ಪುಸ್ತಕ ಉಳಿದಿರುವಾಗ್ಲೇ ಹೇಳಿಬಿಡಿ, ಆಮೇಲೆ ಊರಲ್ಲಿ ಯಾರ್ಯಾರಿಗೆ ಅದು ಮೊದಲೇ ಗೊತ್ತಿತ್ತು ಅಂತ ಒಂದೊಂದಾಗಿ ಬಿಚ್ಚಿ. ಕೊಲೆಗಾರ ಸಿಕ್ಕ ತಕ್ಷಣ ಪುಸ್ತಕ ಮುಗಿಸೋದು ಪಟ್ಟಣದ ಡಿಟೆಕ್ಟಿವ್ ಕಥೆಗೆ ಸರಿ, ಅಲ್ಲಿ ಡಿಟೆಕ್ಟಿವ್ ಟ್ಯಾಕ್ಸಿ ಹತ್ತಿ ಹೋಗ್ತಾನೆ. ನಿಮ್ಮ ಊರಲ್ಲಿ ಯಾರೂ ಎಲ್ಲಿಗೂ ಹೋಗಲ್ಲ, ನಾಳೆ ಬೆಳಿಗ್ಗೆ ಅದೇ ಲಾಂಚು, ಅದೇ ಮುಖಗಳು, ಅಡಿಕೆ ಸುಲಿಯೋಕೆ ಪರಸ್ಪರ ಕರೀಲೇಬೇಕು.

ಎಷ್ಟು ಜನ ಸಾಕು ಅಂತ ಕೇಳಿದ್ರೆ, ನಾನಾಗಿದ್ರೆ ಮೂರು. ಮೊದಲನೆಯವನು ಕಾಣೆ ಆಗಿದ್ದು ಅಪಘಾತವೋ ಏನೋ ಗೊತ್ತಾಗದ ಥರ ಇರ್ಲಿ, ಎರಡನೆಯವಳು ಮೊದಲನೇದರ ಬಗ್ಗೆ ಏನೋ ಕಂಡವಳು, ಮೂರನೆಯವನು ತಾನಾಗೇ ಓಡಿಹೋದವನು, ಅಂದ್ರೆ ಲೊರೆಂಜ್ ಥರ. ಓಡಿಹೋಗೋನು ತುಂಬ ಉಪಯೋಗದ ಪಾತ್ರ, ತಪ್ಪಿತಸ್ಥ ಅಂತ ಓಡಿದ್ನೋ, ಹೆದರಿ ಓಡಿದ್ನೋ ಅಂತ ಊರವರೇ ಎರಡು ಪಂಗಡ ಆಗ್ತಾರೆ. ಉಳಿದ ಇಬ್ರನ್ನ, ಆ ಮೇಷ್ಟ್ರು ಮತ್ತೆ ಅಂಗಡಿ ನಾಗಮ್ಮ, ಬದುಕಿಸಿ ಇಟ್ಕೊಳಿ, ನಿಮ್ಮ ಇಡೀ ಸಾರಾಂಶದಲ್ಲಿ ಜೀವ ಇರೋ ಮಾತಾಡೋರು ಅವರಿಬ್ರೇ, ಅವರನ್ನ ಯಾಕೆ ಮಾಯ ಮಾಡಿದ್ರಿ ಅಂತ್ಲೇ ನಂಗೆ ಅರ್ಥ ಆಗಿಲ್ಲ. ನಾಗಮ್ಮನ ಅಂಗಡೀಲಿ ಸಾಲದ ಪುಸ್ತಕ ಇದ್ದೇ ಇರುತ್ತೆ, ಕಾಣೆ ಆದವನ ಹೆಸರಲ್ಲಿ ಬಾಕಿ ಇದ್ದ ಸಾಲವನ್ನ ಯಾರೋ ಒಬ್ಬರು ಕೇಳದೇನೇ ಬಂದು ತೀರಿಸಿ ಹೋಗ್ಲಿ, ಅಲ್ಲಿಂದ ಮೂರನೇ ಅಧ್ಯಾಯ ಮತ್ತೆ ಬರ್ದು ನೋಡಿ.